ಶರಣನ ಫೈಲು

ಜುಲೈ ೧, ಮಂಗಳವಾರ

ಇವತ್ತು ಕೆಲಸಕ್ಕೆ ಹಾಜರಾದೆ. ವಿಶೇಷ ಶಿಕ್ಷಕಿ ಶ್ರೀವಾಣಿ ಹೆಗಡೆ ಎಂದು ಚೊಕ್ಕವಾಗಿ ರುಜು ಹಾಕಿದೆ. ಸಂಪನ್ಮೂಲ ಕೇಂದ್ರ ಎಂದು ಹೊರಗೆ ದೊಡ್ಡ ಬೋರ್ಡು. ಒಳಗೆ ಒಂದು ಕೋಣೆ, ಎರಡು ಮೇಜು, ಒಂದು ಕಬ್ಬಿಣದ ಕಪಾಟು. ಕಪಾಟಿನ ಬಾಗಿಲು ತೆಗೆದಿದ್ದೇ ತಡ, ಫೈಲುಗಳು ಕಾಲ ಮೇಲೆ ಸುರಿದವು. ಸುತ್ತಲಿನ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯದ ಮಕ್ಕಳೆಲ್ಲರ ದಾಖಲೆ ಇದರಲ್ಲೇ ಇದೆಯಂತೆ. ಒಬ್ಬನ ಕಣ್ಣಿನ ವರದಿ ಇನ್ನೊಬ್ಬಳ ಫೈಲಿನಲ್ಲಿ. ಒಂದರೊಳಗೆ ಯಾರದೋ ಮದುವೆಯ ಕರೆಯೋಲೆ. ಇನ್ನೊಂದರಲ್ಲಿ ಜಿರಲೆಯ ಸಂಸಾರ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಡಬ್ಬಿಯ ಮುಚ್ಚಳ ಓರೆಯಾಗಿದ್ದರೂ ನನಗೆ ಊಟ ಸೇರುವುದಿಲ್ಲ ಎಂದು ಸಿದ್ದಾಪುರದ ಮನೆಯಲ್ಲಿ ಹೆತ್ತ ಆಯಿ ಬೈಯುವುದು ಸುಳ್ಳಲ್ಲ.

ಪಕ್ಕದ ಮೇಜಿನವರು ನಾಗಪತಿ ಸರ್. ಇದೇ ಕೆಲಸದಲ್ಲಿ ತಲೆ ಹಣ್ಣಾದವರು. ಪಾಪ, ಒಳ್ಳೆಯವರೇ. ಬಂದ ದಿನವೇ ಚಾ ಕುಡಿಸಿದರು, ಜಿರಲೆಗಳನ್ನೂ ಅವರೇ ಗುಡಿಸಿ ಹಾಕಿದರು.

ಜುಲೈ ೯, ಬುಧವಾರ

ಕಪಾಟು ಒಂದು ಹದಕ್ಕೆ ಬಂತು. ತರಬೇತಿಯಲ್ಲಿ ಕಲಿಸಿದ ಹಾಗೆ ನ್ಯೂನತೆಯ ಪ್ರಕಾರ ವಿಂಗಡಿಸಿದೆ. ದೃಷ್ಟಿಗೆ ನೀಲಿ ಪಟ್ಟಿ, ಶ್ರವಣಕ್ಕೆ ಹಸಿರು, ಕೈಕಾಲಿಗೆ ಕೆಂಪು, ಬುದ್ಧಿಗೆ ಹಳದಿ. ಹಳದಿಯೇ ಹೆಚ್ಚು. ಬಾಗಿಲು ತೆಗೆದು ಒಂದಿಷ್ಟು ಹೊತ್ತು ಸುಮ್ಮನೆ ನೋಡುತ್ತ ನಿಂತೆ, ಏನು ಚೆಂದ!

ಇನ್ನು ಯೋಜನೆ ಬರೆಯುವ ಕೆಲಸ. ಪ್ರತಿ ಮಗುವಿಗೂ ವರ್ಷಕ್ಕೊಂದು ಯೋಜನೆ ಇರಬೇಕು: ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಈ ವರ್ಷ ಏನು ಕಲಿಸಬೇಕು. ಇಷ್ಟು ಮಕ್ಕಳನ್ನು ನೋಡಿ ಮುಗಿಸುವುದು ಯಾವಾಗ, ಬರೆಯುವುದು ಯಾವಾಗ ಎಂದು ನಾಗಪತಿ ಸರ್ ಹತ್ತಿರ ಅಲವತ್ತುಕೊಂಡೆ. ಅವರು ನಕ್ಕರು.

“ತಲೆಬಿಸಿ ಮಾಡ್ಕ್ಯಳಡ ತಂಗಿ. ಹೋದ ವರ್ಷದ್ದು ನೋಡ್ಕ್ಯಂಡು ಬರೆ, ತಾರೀಕು ಬದ್ಲು ಮಾಡು. ಎಲ್ಲರೂ ಹಂಗೇ ಮಾಡದು.”

ಹೌದಲ್ಲ ಎನಿಸಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಜುಲೈ ೨೬, ಶನಿವಾರ

ಎಲ್ಲ ಬರೆದಾಯಿತು! ಹೊಸ ಹಾಳೆ, ಒಂದೇ ಪೆನ್ನು, ಒಂದೇ ಅಕ್ಷರ. ತಪಾಸಣೆಗೆ ಬಂದ ಮೇಡಂ ಇಷ್ಟು ಚೊಕ್ಕದ ಕಪಾಟನ್ನು ತಾವು ನೋಡಿಯೇ ಇಲ್ಲ ಎಂದರು. ಬೆರಳು ನೋಯುತ್ತಿದೆ. ನೋಯಲಿ ಬಿಡು.

ಆಗಸ್ಟ್ ೧೨, ಮಂಗಳವಾರ

ಪೋಷಕರ ಸಹಿಗೆಂದು ಎಕ್ಕಂಬಿಗೆ ಹೋಗಿದ್ದೆ. ಹಳದಿ ಪಟ್ಟಿಯ ಹುಡುಗ ಅಲ್ಲೊಬ್ಬ ಇದ್ದಾನೆ, ಹತ್ತನೇ ತರಗತಿ. ಹೆಸರು ಶರಣ. ತಾಯಿ ಪಾರ್ವತವ್ವ ಹಿಟ್ಟಿನ ಗಿರಣಿ ನಡೆಸುತ್ತಾರೆ. ತಂದೆ ಇಲ್ಲ. ಗಿರಣಿಯ ಬಾಗಿಲಲ್ಲಿ ಕೈಯಿರುವ ಕುರ್ಚಿ ಹಾಕಿಕೊಂಡು ಹುಡುಗ ಕೂತಿದ್ದ. ಕೈ ತಾನಾಗಿಯೇ ಅತ್ತಿತ್ತ ಹೊರಳುತ್ತದೆ, ಕುತ್ತಿಗೆ ವಾಲುತ್ತದೆ. ನನ್ನನ್ನು ನೋಡಿ ಏನೋ ಹೇಳಿದ. ಒಂದು ಅಕ್ಷರವೂ ತಿಳಿಯಲಿಲ್ಲ. ಮಿಷನ್ನಿನ ಗದ್ದಲ ಬೇರೆ. ನಾನು ಹಲ್ಲು ಕಿರಿದು ತಾಯಿಯ ಮುಖ ನೋಡಿದೆ.

ಚಪ್ಪಲಿ ಹೊರಗ ಬಿಟ್ಟು ಬರ್ರಿ ಎಂದನಂತೆ! ಹಿಟ್ಟಿನ ಜಾಗವಂತೆ. ಹೊರಗೆ ಬಿಟ್ಟು ಬಂದೆ.

ಶರಣನಿಗೆ ಕೈಯಲ್ಲಿ ಬರೆಯಲು ಆಗುವುದಿಲ್ಲ. ಒಂದು ಸಾಲಿಗೆ ಒಂದು ಪಿರಿಯಡ್ ಬೇಕು. ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡಲು ಒಂಬತ್ತನೇ ತರಗತಿಯ ಒಬ್ಬರನ್ನು ಕೂರಿಸಬಹುದು. ಅದಕ್ಕೆ ಮೇಲಿನ ಕಚೇರಿಯ ಅನುಮತಿ ಬೇಕು, ಅರ್ಜಿ ನಾನು ಕಳಿಸಬೇಕು. ಅದು ಸಿಗದಿದ್ದರೆ ಹತ್ತನೆಯದು ಪಾಸಾಗುವ ಮಾತೇ ಇಲ್ಲ. ಪಿಯುಸಿಗೆ ಶಿರಸಿಗೆ ಹೋಗಬೇಕೆಂದು ಕುಣಿಯುತ್ತಾನೆ ಎಂದು ಪಾರ್ವತವ್ವ ಹೇಳಿದರು. ಆಗಲಿ ಎಂದೆ. ಹುಡುಗನನ್ನೇ ಏನಾದರೂ ಕೇಳೋಣವೆಂದರೆ ಉತ್ತರ ತಿಳಿಯದೆ ಪೇಚಾಗುತ್ತದೆಂದು ಹೆದರಿ ತಾಯಿಯನ್ನೇ ಎಲ್ಲ ಕೇಳಿ ಬರೆದುಕೊಂಡೆ.

ಬರುವಾಗ ಅವನು ಮತ್ತೇನೋ ಅಂದ. ಹೂಂ ಹೂಂ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ.

ಸೆಪ್ಟೆಂಬರ್ ೧೬, ಮಂಗಳವಾರ

ಶರಣನ ಅರ್ಜಿ ಕಳಿಸಿದೆ. ವೈದ್ಯರ ಪ್ರಮಾಣಪತ್ರ, ಮುಖ್ಯ ಶಿಕ್ಷಕರ ಪತ್ರ, ನಾನು ಬರೆದ ಯೋಜನೆ, ಎಲ್ಲ ದಾರ ಕಟ್ಟಿ ಲಕ್ಷಣವಾಗಿ. ಒಂದು ತಲೆನೋವು ಕಳೆಯಿತು.

ನವೆಂಬರ್ ೬, ಗುರುವಾರ

ಅರ್ಜಿ ವಾಪಸ್ಸು ಬಂದಿದೆ.

ಪ್ರಮಾಣಪತ್ರದಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಕೈಕಾಲು ನಾಲಿಗೆ ಹಿಡಿತದಲ್ಲಿಲ್ಲ ಎಂದಿದೆ, ಯೋಜನೆಯಲ್ಲಿ ಬೌದ್ಧಿಕ ಅಸಾಮರ್ಥ್ಯ ಎಂದಿದೆ, ಯಾವುದು ಸರಿ ಎಂದು ಕೇಳಿದ್ದಾರೆ. ಇನ್ನೊಂದು ಸಾಲು: ಹುಡುಗ ಉತ್ತರವನ್ನು ಬಾಯಲ್ಲಿ ಹೇಳಬಲ್ಲನೇ? ಹೇಳಲಾರನಾದರೆ ಬರೆದುಕೊಡುವವರಿಂದ ಏನು ಉಪಯೋಗ? ಡಿಸೆಂಬರ್ ೯ಕ್ಕೆ ಅಧಿಕಾರಿಗಳೇ ಶಾಲೆಗೆ ಬಂದು ಪರೀಕ್ಷಿಸುತ್ತಾರಂತೆ. ಅಲ್ಲಿ ತೋರಿಸಲಾಗದಿದ್ದರೆ ಅನುಮತಿ ಇಲ್ಲ.

ಮಧ್ಯಾಹ್ನ ಊಟ ಮಾಡಲಿಲ್ಲ. ಶರಣನ ಹಳೆಯ ಯೋಜನೆಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೋದ ವರ್ಷದ್ದರಲ್ಲಿ “ಮಾತು ಅಸ್ಪಷ್ಟ, ಬುದ್ಧಿಮಟ್ಟ ಕಡಿಮೆ.” ಅದರ ಹಿಂದಿನದರಲ್ಲೂ ಅದೇ. ಅದರ ಹಿಂದೆ, ಅದರ ಹಿಂದೆ, ಅಕ್ಷರ ಬೇರೆ ಬೇರೆ, ಮಾತು ಅದೇ. ಮೂರನೇ ತರಗತಿಯಲ್ಲಿ ಯಾರೋ ಒಬ್ಬರು ಅವನ ಮಾತು ತಿಳಿಯದೆ ಹಾಗೆ ಗೀಚಿದ್ದಾರೆ. ಉಳಿದವರೆಲ್ಲ ತಾರೀಕು ಬದಲಿಸಿದ್ದಾರೆ. ಕೊನೆಯ ಹಾಳೆ ನನ್ನದು. ಅದರಲ್ಲಿ ಆ ಸಾಲು ಎಲ್ಲಕ್ಕಿಂತ ಅಂದವಾಗಿದೆ. ಥೂ ನನ್ನ ಅಕ್ಷರವೇ!

ಒಂದು ಶಬ್ದ ತಿದ್ದಿದರೆ ಆಯಿತಲ್ಲ ಎಂದರು ನಾಗಪತಿ ಸರ್. ಶಬ್ದ ತಿದ್ದಬಹುದು. ಆದರೆ ಅಧಿಕಾರಿಗಳ ಮುಂದೆ ಆ ಹುಡುಗ ಮಾತಾಡಬೇಕು, ಅದು ಒಬ್ಬರಿಗಾದರೂ ತಿಳಿಯಬೇಕು.

ನವೆಂಬರ್ ೮, ಶನಿವಾರ

ಎಕ್ಕಂಬಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾರ್ವತವ್ವ ಮಿಷನ್ ಬಂದ್ ಮಾಡಲಿಲ್ಲ. ಜೋಳ ಸುರಿಯುತ್ತಲೇ ಕೇಳಿಸಿಕೊಂಡರು. ಆಮೇಲೆ ಹತ್ತಿರ ಬಂದು ನಿಂತರು.

“ಮಗಗ ಕೈಕಾಲು ಸ್ವಾಧೀನ ಇಲ್ಲ, ನಾಲಿಗಿ ತೊಡರತೈತಿ. ಅದನ್ನ ದೇವರು ಕೊಟ್ಟಾನ, ತಡಕೊಂಡೀನಿ. ದಡ್ಡ ಅಂತ ಮಾಡಿದವ್ರು ನೀವ್ರಿ ಅಕ್ಕೋರ. ದೇವರಲ್ಲ.”

ಅಲ್ಲೇ ನಿಂತು ಅತ್ತುಬಿಟ್ಟೆ. ಹಿಟ್ಟು ಬೀಸಿಸಲು ಬಂದ ಹೆಂಗಸರೆಲ್ಲ ನೋಡಿದರು. ಶರಣನೂ ನನ್ನನ್ನೇ ನೋಡುತ್ತ ಏನೋ ಹೇಳಿದ, ಉದ್ದಕ್ಕೆ ಹೇಳಿದ. ಈ ಸಲ ತಾಯಿ ಅದನ್ನು ತಿರುಗಿಸಿ ಹೇಳಲಿಲ್ಲ. ಬಿಡಿಸಿ ಕೇಳುವ ಮುಖ ನನಗಿರಲಿಲ್ಲ.

ರಾತ್ರಿ ಫೋನಿನಲ್ಲಿ ಆಯಿ “ಊಟ ಆತನೇ?” ಎಂದಳು. ಆತು ಎಂದೆ. ಸುಳ್ಳು.

ನವೆಂಬರ್ ೧೪, ಶುಕ್ರವಾರ

ಎಕ್ಕಂಬಿಯ ಶಾಲೆಯಲ್ಲಿ ಮಕ್ಕಳ ದಿನ. ಗದ್ದಲದ ನಡುವೆಯೇ ಮುಖ್ಯ ಶಿಕ್ಷಕರು ಬರೆದುಕೊಡಲು ಒಬ್ಬನನ್ನು ಆರಿಸಿ ಕೊಟ್ಟರು. ಒಂಬತ್ತನೆಯ ದರ್ಶನ, ಮುತ್ತಿನಂಥ ಅಕ್ಷರ. ಇಬ್ಬರನ್ನೂ ಕೂರಿಸಿ ಒಂದು ಪ್ರಶ್ನೆ ಕೊಟ್ಟೆ. ಶರಣ ಬಾಯಿ ತೆರೆದು ಒಂದು ಪದ ಹೊರಡಿಸುವಷ್ಟರಲ್ಲಿ ದರ್ಶನ ಅರ್ಧ ಪುಟ ಬರೆದು ಮುಗಿಸಿದ್ದ. ತನ್ನ ಉತ್ತರವನ್ನು! ಶರಣ ಸಿಟ್ಟಿನಿಂದ ಮೇಜಿಗೆ ಗುದ್ದಿದ. ಅವನು ಹೇಳಿದ್ದು ಗೊತ್ತಾಗಲಿಲ್ಲ ಮೇಡಂ, ಅದಕ್ಕೇ ನಾನೇ ಬರೆದೆ ಎಂದು ದರ್ಶನ ಅಳುಮುಖ ಮಾಡಿದ. ಅವನನ್ನು ಬೈದು ಏನು ಮಾಡಲಿ? ನಾನು ಜುಲೈ ತಿಂಗಳಿಡೀ ಮಾಡಿದ್ದೂ ಅದೇ.

ದಿನ ಓಡುತ್ತಿವೆ.

ನವೆಂಬರ್ ೧೮, ಮಂಗಳವಾರ

ಶಾಲೆ ಬಿಟ್ಟ ಮೇಲೆ ಗಿರಣಿಗೇ ಹೋಗಿ ಕೂತೆ. ಪಾರ್ವತವ್ವ ಮುಖ ತಿರುಗಿಸಿಕೊಂಡೇ ಒಂದು ಖಾಲಿ ಚೀಲ ಮಡಚಿ ಕೂರಲು ಕೊಟ್ಟರು.

ಅಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಗಿರಣಿಯ ಸರದಿಯೆಲ್ಲ ಶರಣನದೇ ಎಂದು. ಯಾರ ಡಬ್ಬಿ ಮೊದಲು, ಯಾರದು ಆಮೇಲೆ, ಅಕ್ಕಿಯ ಹಿಂದೆ ಜೋಳ ಹಾಕಬೇಕೋ ಬೇಡವೋ, ಎಲ್ಲ ಅವನು ಕೂತಲ್ಲಿಂದಲೇ ಹೇಳುತ್ತಾನೆ. ಬಂದ ಹೆಂಗಸರು “ಶರಣಾ, ನಂದು ಯಾವಾಗಪಾ?” ಎಂದು ಕೇಳುತ್ತಾರೆ, ಅವನು ಹೇಳುತ್ತಾನೆ, ಅವರು ಗೊಣಗಿಕೊಂಡು ಕೂರುತ್ತಾರೆ. ಮಿಷನ್ನಿನ ಅಬ್ಬರದಲ್ಲೂ ಒಬ್ಬರೂ ಎರಡನೇ ಸಲ ಕೇಳಲಿಲ್ಲ. ಇಡೀ ಎಕ್ಕಂಬಿಗೆ ತಿಳಿಯುವ ಮಾತು ನಮ್ಮ ಕಪಾಟಿನಲ್ಲಿ ಮಾತ್ರ ಅಸ್ಪಷ್ಟ.

ಸ್ಫೂರ್ತಿ ಎಂಬ ಹುಡುಗಿ ಡಬ್ಬಿ ಹೊತ್ತು ಬಂದವಳು ಸರದಿ ತಪ್ಪಿಸಿ ಮುಂದೆ ನುಗ್ಗಲು ನೋಡಿದಳು. ಶರಣ ಬಿಡಲಿಲ್ಲ. ಇಬ್ಬರಿಗೂ ಜಗಳವೋ ಜಗಳ. ಅವನು ಒಂದು ಮಾತು ಹೊರಡಿಸಲು ಹೊತ್ತು ಹಿಡಿಯುತ್ತದೆ. ಅವಳು ಸೊಂಟಕ್ಕೆ ಕೈಕೊಟ್ಟು ಅವನು ಮುಗಿಸುವವರೆಗೂ ಕಾದು, ಆಮೇಲೆ ತಿರುಗಿ ಬೈಯುತ್ತಾಳೆ. ನನಗೆ ಅರ್ಧಂಬರ್ಧ ತಿಳಿಯಿತು. ಅರ್ಧ ತಿಳಿದಿದ್ದಕ್ಕೇ ನಗು ತಡೆಯಲಿಲ್ಲ.

ಯಾವ ಕ್ಲಾಸು ಎಂದು ಕೇಳಿದೆ. ಒಂಬತ್ತನೆಯದಂತೆ. ದೇವರೇ!

ನವೆಂಬರ್ ೨೬, ಬುಧವಾರ

ಮುಖ್ಯ ಶಿಕ್ಷಕರಿಗೆ ಸ್ಫೂರ್ತಿ ಬೇಡವಾಗಿತ್ತು. ಕಾಗೆಕಾಲು ಗುಬ್ಬಿಕಾಲು ಅಕ್ಷರ, ಪೇಪರ್ ತಿದ್ದುವವರು ಕಣ್ಣು ಬಿಡಬೇಕು ಎಂದರು. ಅಕ್ಷರ ತಿದ್ದುವ ಜವಾಬ್ದಾರಿ ನನಗೆ ಬಿಡಿ ಸರ್ ಎಂದು ಹಟ ಹಿಡಿದು ಒಪ್ಪಿಸಿದೆ. ದಿನಾ ಸಂಜೆ ಗಿರಣಿಯಲ್ಲೇ ಅಭ್ಯಾಸ. ಅವನು ಹೇಳುತ್ತಾನೆ, ಅವಳು ಬರೆಯುತ್ತಾಳೆ, ನಾನು ಅವಳ ‘ದ’ಕ್ಕೂ ‘ಧ’ಕ್ಕೂ ಬೈಯುತ್ತೇನೆ.

ಇವತ್ತು ಒಂದು ಪ್ರಶ್ನೆ ಕೇಳಿ, ಅವನು ತಡವರಿಸಿದ ಕೂಡಲೇ ಸಹಾಯ ಮಾಡುವ ಉಮೇದಿನಲ್ಲಿ ವಾಕ್ಯ ನಾನೇ ಮುಗಿಸಿಬಿಟ್ಟೆ. ಶರಣ ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳಿದ:

“ಅಕ್ಕೋರ, ನೀವು ಭಾಳ ಗಡಿಬಿಡಿ ಮಾಡ್ತೀರಿ. ನಂದು ಮುಗ್ಯೂತನಕ ಸುಮ್ನ ಕುಂದರ್ರಿ. ನೀವು ನಡುವ ಬಾಯಿ ಹಾಕಿದ್ರ ನಾ ಮತ್ತ ಮೊದಲಿಂದ ಹೇಳಬೇಕಾಗತೈತಿ.”

ಆ ದಿನ ನಾನು ಅತ್ತಾಗ ನೀನು ಏನು ಹೇಳಿದ್ದೆ ಎಂದು ಕೇಳಿದೆ. ಅವನಿಗೆ ನಾಚಿಕೆಯಾಯಿತು. ಹಿಟ್ಟಿನ ಮ್ಯಾಲ ನಿಂತು ಅಳಬ್ಯಾಡ್ರಿ, ಗಂಟಾಗತೈತಿ ಎಂದಿದ್ದನಂತೆ. ಕಿಡಿಗೇಡಿ! ಬಸ್ಸಿನಲ್ಲಿ ನೆನೆಸಿಕೊಂಡು ಒಬ್ಬಳೇ ನಕ್ಕೆ. ಪಕ್ಕದ ಸೀಟಿನ ಅಜ್ಜಿ ಸ್ವಲ್ಪ ಸರಿದು ಕೂತರು.

ಅವನ ಯೋಜನೆಯನ್ನು ಹೊಸದಾಗಿ ಬರೆದೆ. ‘ಮಾತು’ ಎಂಬಲ್ಲಿ ಬರೆದದ್ದು: ನಿಧಾನ. ಕಾಯಬೇಕು. ನಡುವೆ ಬಾಯಿ ಹಾಕಬಾರದು.

ಡಿಸೆಂಬರ್ ೩, ಬುಧವಾರ

ಅಂಗವಿಕಲರ ದಿನಾಚರಣೆ. ಭಾಷಣ, ಶಾಲು, ಫೋಟೊ. ನಾನು ನಡುವೆಯೇ ಎದ್ದು ಎಕ್ಕಂಬಿ ಬಸ್ಸು ಹಿಡಿದೆ. ಸ್ಫೂರ್ತಿಗೆ ಶೀತ, ಗಂಟಲು ಕಟ್ಟಿದೆ. ಕೈ ಸರಿಯಾಗಿದೆಯಲ್ಲ, ಅಷ್ಟು ಸಾಕು.

ಡಿಸೆಂಬರ್ ೯, ಮಂಗಳವಾರ

ಮುಗಿಯಿತು. ಹೇಗೆ ಮುಗಿಯಿತು ಎಂದು ಬರೆಯದೆ ನಿದ್ದೆ ಬರುವುದಿಲ್ಲ.

ಅಧಿಕಾರಿಯ ಹೆಸರು ಸಂಗಯ್ಯ. ಗಟ್ಟಿ ಮನುಷ್ಯ, ಕಾಗದಪತ್ರ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಹಳೆಯ ಯೋಜನೆ, ಹೊಸದು, ಎರಡನ್ನೂ ಜೋಡಿಸಿಟ್ಟು ಹೀಗೇಕೆ ಬದಲಾಯಿತು ಎಂದರು. ಹಳೆಯದನ್ನು ನೋಡಿ ಬರೆದಿದ್ದೆ, ಹೊಸದನ್ನು ಹುಡುಗನನ್ನು ನೋಡಿ ಬರೆದೆ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ವಿಜ್ಞಾನದ ಪುಸ್ತಕ ತೆಗೆದು ಅವರೇ ಒಂದು ಪ್ರಶ್ನೆ ಆರಿಸಿದರು. ಮನೆಯ ವಿದ್ಯುತ್ ಉಪಕರಣಗಳನ್ನು ಸಮಾಂತರವಾಗಿ ಯಾಕೆ ಜೋಡಿಸುತ್ತಾರೆ? ಶರಣನ ಕೈ ಕುರ್ಚಿಯ ಕೈಗೆ ಬಡಿಯುತ್ತಿತ್ತು, ಹೆದರಿದಾಗ ಅದು ಜಾಸ್ತಿ. ನಾನು ಸೆರಗಿನ ತುದಿ ತಿರುಚುತ್ತ ಬಾಯಿ ಬಿಗಿದುಕೊಂಡು ಕೂತೆ. ಎಷ್ಟು ಹೊತ್ತಾದರೂ ಮೊದಲ ಪದ ಹೊರಡಲಿಲ್ಲ. ಇವನಿಗೆ ಬರುವುದಿಲ್ಲ ಎಂದು ಸಂಗಯ್ಯ ಸರ್ ಪುಸ್ತಕ ಮುಚ್ಚಲು ಹೋದರು. ಸ್ಫೂರ್ತಿ ಪೆನ್ನು ಹಿಡಿದ ಕೈಯನ್ನೇ ಅಡ್ಡ ಚಾಚಿ “ತಡೀರಿ ಸರ್, ಹೇಳಾಕತ್ತಾನ” ಎಂದಳು. ಅವಳ ಧೈರ್ಯವೇ!

ಹೊರಟಿತು. ಸರಣಿಯಲ್ಲಿ ಜೋಡಿಸಿದರೆ ಒಂದು ಕೆಟ್ಟರೆ ಎಲ್ಲವೂ ನಿಲ್ಲುತ್ತವೆ. ಸಮಾಂತರದಲ್ಲಿ ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ಪ್ರತಿಯೊಂದಕ್ಕೂ ಅದೇ ವೋಲ್ಟೇಜ್ ಸಿಗುತ್ತದೆ. ಇಷ್ಟು ಹೇಳಿ ಉಸಿರು ತಗೊಂಡು, “ಬಲ್ಬ್ ಹೋತಂತ ಗಿರಣಿ ನಿಂತ್ರ ನಮ್ಮವ್ವ ಸುಮ್ನ ಬಿಡ್ತಾಳೇನ್ರಿ?” ಎಂದ.

ಸ್ಫೂರ್ತಿ ಬರೆಯುತ್ತ ಬಂದವಳು ತಲೆಯೆತ್ತಿ, ಅದನ್ನೂ ಬರೀಬೇಕೇನ್ರೀ ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ಸಂಗಯ್ಯ ಸರ್ ಮುಖದಲ್ಲಿ ನಗುವೇ ಇಲ್ಲ. ನನ್ನ ಕಡೆ ಬಾಗಿ, ಹುಡುಗ ಏನಂದ ಮೇಡಂ, ಒಂದು ಮಾತೂ ತಿಳಿಯಲಿಲ್ಲವಲ್ಲ ಎಂದು ಪಿಸುಗುಟ್ಟಿದರು. ನನಗೆ ರೇಗಿತು. ಅಷ್ಟು ಸ್ಪಷ್ಟವಾಗಿ ಹೇಳಿದ್ದಾನೆ, ಇವರಿಗೆ ಕಿವಿಯ ತಪಾಸಣೆ ಮಾಡಿಸಬೇಕೇನೋ! ದೊಡ್ಡವರೆಂದು ಸುಮ್ಮನಾಗಿ, ಹುಡುಗಿ ಬರೆದದ್ದನ್ನು ಓದಿ ಎಂದಷ್ಟೇ ಹೇಳಿದೆ.

ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಹೊಟ್ಟೆ ಕುಲುಕಿತು. ಇನ್ನೂ ಮೂರು ಪ್ರಶ್ನೆ ಕೇಳಿದರು, ಅವಕ್ಕೆಲ್ಲ ಅವರೇ ಕಾದರು. ಹೋಗುವಾಗ ಶರಣನ ಹೆಗಲು ಮುಟ್ಟಿ, ವರದಿ ಕಳಿಸುತ್ತೇನೆ ಎಂದರು. ಏನೆಂದು ಕಳಿಸುತ್ತಾರೋ, ಅದನ್ನು ಮಾತ್ರ ಹೇಳಲಿಲ್ಲ.

ಡಿಸೆಂಬರ್ ೧೭, ಬುಧವಾರ

ಇನ್ನೂ ಏನೂ ಬಂದಿಲ್ಲ. ಕೂತಲ್ಲಿ ಕೂರಲಾಗದೆ ಹುಲೇಕಲ್ಲಿಗೆ ಹೋಗಿ ಬಂದೆ. ಅಲ್ಲಿಯ ಸಮೃದ್ಧಿಯ ಫೈಲಿನಲ್ಲಿ “ಚಟುವಟಿಕೆಗಳಲ್ಲಿ ಆಸಕ್ತಿ ಇಲ್ಲ” ಎಂದು ವರ್ಷಗಟ್ಟಲೆಯಿಂದ ಇದೆ. ಅವಳಿಗೆ ಆಸಕ್ತಿ ಇದೆ, ಕಿವಿಯ ಮಿಷನ್ನಿಗೆ ಸೆಲ್ ಇಲ್ಲ. ನಾಳೆ ವಾನಳ್ಳಿಯ ವೈಭವನನ್ನು ನೋಡಬೇಕು. ನಾಗಪತಿ ಸರ್ ತಾವೂ ಬರುತ್ತೇನೆ, ಬಹಳ ವರ್ಷವಾಯಿತು ಅವನನ್ನು ನೋಡದೆ ಎಂದರು. ಹೀಗೆ ಒಬ್ಬೊಬ್ಬರನ್ನೇ ನೋಡುತ್ತ ಹೋದರೆ ಯೋಜನೆ ಮುಗಿಯುವಾಗ ವರ್ಷವೇ ಮುಗಿದಿರುತ್ತದೆ. ಬಣ್ಣದ ಪಟ್ಟಿಗಳನ್ನು ಕಿತ್ತು ಹಾಕಿದ್ದೇನೆ, ಬೇರೆ ಏನು ಅಂಟಿಸಬೇಕೆಂದು ಇನ್ನೂ ಹೊಳೆದಿಲ್ಲ. ಫೈಲುಗಳು ಮೇಜಿನ ಮೇಲೆ, ಕುರ್ಚಿಯ ಮೇಲೆ ಹರಡಿಕೊಂಡು ಬಿದ್ದಿವೆ. ಇರಲಿ, ಎತ್ತಿಟ್ಟರಾಯಿತು.

ಡಿಸೆಂಬರ್ ೨೪, ಬುಧವಾರ

ಬಂತು! ಅನುಮತಿ ಬಂತು! ಬರೆದುಕೊಡುವವಳು ಸ್ಫೂರ್ತಿ, ಜೊತೆಗೆ ಹೆಚ್ಚುವರಿ ಸಮಯ. ಓದಿದೆ, ಮತ್ತೆ ಓದಿದೆ, ನಾಗಪತಿ ಸರ್ ಕೈಯಲ್ಲೂ ಓದಿಸಿದೆ. ಅಬ್ಬ, ಅಬ್ಬ, ಅಬ್ಬ. ಫೈಲುಗಳ ಮೇಲೆಯೇ ಕೂತುಬಿಟ್ಟೆ.

ಝೆರಾಕ್ಸ್ ಮಾಡಿಸಿಕೊಂಡು ಎಕ್ಕಂಬಿಗೆ ಓಡಿದೆ. ಗಿರಣಿಯ ತುಂಬ ಜನ, ಮಿಷನ್ ಪೂರ್ತಿ ಜೋರಿನಲ್ಲಿತ್ತು. ಶರಣನ ತೊಡೆಯ ಮೇಲೆ ಹಾಳೆ ಹಿಡಿದೆ. ಸ್ಫೂರ್ತಿ ಬಗ್ಗಿ ಬಗ್ಗಿ ತನ್ನ ಹೆಸರು ಹುಡುಕಿದಳು. ಅವನು ಮೇಲಿನ ಸಾಲಿನಿಂದ ಕೊನೆಯ ಸಹಿಯವರೆಗೂ ಓದಿ, ದೊಡ್ಡ ನಿಟ್ಟುಸಿರು ಬಿಟ್ಟು, ಮುಖ ಹುಳ್ಳಗೆ ಮಾಡಿಕೊಂಡು ಏನೋ ಹೇಳಿದ. ಪಾರ್ವತವ್ವ ಮಿಷನ್ನಿನ ಪಕ್ಕದಲ್ಲಿದ್ದರು, ಗದ್ದಲದಲ್ಲಿ ಕೇಳಿಸಲಿಲ್ಲ. ಏನಾದರೂ ಎಡವಟ್ಟಾಯಿತೇನೋ ಎಂದು ಗಾಬರಿಯಿಂದ ಅಲ್ಲಿಂದಲೇ ಕೂಗಿದರು:

“ಏನಂತಾನ್ರೀ ಅಂವ?”

“ಇನ್ನ ಓದಾಕಬೇಕಲ್ಲ, ತಪ್ಪಿಸ್ಕೊಳ್ಳಾಕ ದಾರೀನ ಇಲ್ದಂಗಾತು ಅಂತಾನ್ರಿ!” ಎಂದು ನಾನೂ ಕೂಗಿದೆ.

ಪಾರ್ವತವ್ವ ನಕ್ಕರು. ನಗುತ್ತಲೇ ಸ್ವಿಚ್ಚು ಆರಿಸಿದರು. ಅವರು ಅಲ್ಲೇ ಜೋಳದ ಚೀಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಸೆರಗಿನ ತುಂಬ ಹಿಟ್ಟು, ಕೆನ್ನೆಯೆಲ್ಲ ಬಿಳಿ. ನನ್ನ ಕೈ ಹಿಡಿದುಕೊಂಡು ಹೇಳಿದರು:

“ಓದಲಿ ಬಿಡ್ರಿ ಅಕ್ಕೋರ. ಎಲ್ಲಾರ ಮಕ್ಕಳಂಗ ಇಂವನೂ ಬೈಸ್ಕೊಂತ ಓದಲಿ.”

ಹೇಳಿ ಎದ್ದವರೇ ಮಗನ ಕಡೆ ತಿರುಗಿ, ಸರದಿ ಸಾಕು, ಪುಸ್ತಕ ತೆಗಿ ಎಂದು ಗದರಿದರು. ಸ್ಫೂರ್ತಿ ಪುಸ್ತಕ ಬಿಚ್ಚಿ ಅವನ ಮುಂದಿಟ್ಟಳು. ಶರಣ ನನ್ನನ್ನು ಕೆಂಗಣ್ಣು ಬಿಟ್ಟು ನೋಡಿದ, ಓದತೊಡಗಿದ.